ಬುರುಡೆಯೊಳಗೊಂದು ಬೈರಾಸು

ಗಿಟಾರಿನ ಹೊಟ್ಟೆಗೆ ಬೈರಾಸು ತುರುಕಿ ಮರ್ಯಾದೆ ಉಳಿಸಿಕೊಂಡವ ಇಡೀ ಜಗತ್ತಿನಲ್ಲಿ ನಾನೊಬ್ಬನೇ ಎಂದು ಬಹಳ ದಿನ ತಿಳಿದಿದ್ದೆ. ಘಟ್ಟದ ಮೇಲಿನವರಿಗೆ ಮೊದಲು ಬೈರಾಸಿನ ಪರಿಚಯ ಮಾಡಿಕೊಡಬೇಕು. ಅದು ಟವೆಲಿನ ಬಡ ತಮ್ಮ. ತೆಳು, ಉದ್ದ, ಒಗೆದಷ್ಟೂ ಮೆತ್ತಗೆ. ಸ್ನಾನಕ್ಕೆ ಅದೇ, ಬೆವರಿಗೆ ಅದೇ, ಒಲೆಯಿಂದ ಬಿಸಿ ಪಾತ್ರೆ ಇಳಿಸುವುದಕ್ಕೂ ಅದೇ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಒಳಗೆ ಎಸೆದಿರೋ, ಆ ಸೀಟು ನಿಮ್ಮದು. ಇಷ್ಟೆಲ್ಲ ಮಾಡುವ ಬಟ್ಟೆ ಒಂದು ದಿನ ಸಂಗೀತ ಕ್ಷೇತ್ರಕ್ಕೂ ಕಾಲಿಡಬಹುದು ಎಂದು ನನಗೇ ಹೊಳೆದಿರಲಿಲ್ಲ.

ಗಿಟಾರು ನನ್ನ ಕೈಗೆ ಬಂದದ್ದು ಬ್ಯಾಂಕಿನಿಂದ ನಿವೃತ್ತನಾದ ವರ್ಷ. ಬೆಳಗಿನ ಪೇಪರನ್ನು ಮಧ್ಯಾಹ್ನದ ತನಕ ಎಳೆದು, ಆಮೇಲೆ ಅಂಗಳದಲ್ಲಿ ಬಿದ್ದ ಮಾವಿನೆಲೆ ಎಣಿಸುತ್ತಿದ್ದ ಕಾಲ. ಆಚೆಮನೆಯ ಬಾಯಮ್ಮ ಅಟ್ಟ ಗುಡಿಸುವಾಗ, ತೀರಿಹೋದ ಅವರ ಅಣ್ಣ ಯಾವ ಕಾಲದಲ್ಲೋ ಕುವೈತಿನಿಂದ ತಂದಿಟ್ಟ ಕಪ್ಪು ಪೆಟ್ಟಿಗೆಯೊಂದು ಸಿಕ್ಕಿತು. "ಮೇನೇಜರ್ರೇ, ನೀವು ಕಾಲೇಜಿನಲ್ಲಿ ಟಿಂಗ್ ಟಿಂಗ್ ಮಾಡ್ತಿದ್ರಿ ಅಲ್ವಾ? ಇಲ್ಲಿ ಗೆದ್ದಲು ತಿನ್ನುವ ಬದಲು ನೀವಾದ್ರೂ ಬಾರಿಸಿ," ಎಂದು ಬೇಲಿಯ ಮೇಲಿಂದಲೇ ದಾಟಿಸಿದರು. ನಾನು ಮೇನೇಜರ್ ಆಗಿದ್ದೇ ಇಲ್ಲ, ಕ್ಯಾಶಿನಲ್ಲಿ ಕೂತು ಕೂತೇ ಮನೆಗೆ ಬಂದವನು. ಆದರೆ ನಮ್ಮ ಓಣಿಯಲ್ಲಿ ಬ್ಯಾಂಕಿಗೆ ಹೋದವರೆಲ್ಲ ಮೇನೇಜರ್ರೇ. ತಿದ್ದಲು ನನಗೂ ಮನಸ್ಸಾಗಲಿಲ್ಲ.

ಪೆಟ್ಟಿಗೆ ತೆರೆದರೆ ಒಳಗೊಂದು ಜಪಾನಿ ಗಿಟಾರು. ಕಿತ್ತಳೆ ಬಣ್ಣ. ಎದೆಯ ಎರಡು ಪಕ್ಕ ಪಿಟೀಲಿಗಿರುವಂಥ ಡೊಂಕು ರಂಧ್ರ. ತಂತಿಗಳ ಕೆಳಗೆ ಪಿಕಪ್ಪು ಎಂಬ ಲೋಹದ ಎರಡು ಪೆಟ್ಟಿಗೆ, ಬದಿಯಲ್ಲಿ ವಯರು ಚುಚ್ಚುವ ತೂತು. "ಇದು ಹಾಲೋ ಬಾಡಿ ಎಲೆಕ್ಟ್ರಿಕ್ ಗಿಟಾರ್," ಎಂದು ಮನೆಯವಳಿಗೆ ಗತ್ತಿನಿಂದ ಹೇಳಿದೆ. ಅವಳು ಒಮ್ಮೆ ಗಿಟಾರನ್ನೂ ಒಮ್ಮೆ ನನ್ನನ್ನೂ ನೋಡಿದಳು. "ಹಲೋ ಅನ್ನುವ ಮೊದಲೇ ಬಾಡಿದ ಹಾಗೆ ಉಂಟಲ್ಲ," ಎಂದಳು. ಯಾರ ಬಗ್ಗೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಹಾಲೋ ಬಾಡಿ ಎಂದರೆ ಸರಳವಾಗಿ ಟೊಳ್ಳು ಮೈ. ಈಗಿನ ಹುಡುಗರು ನುಡಿಸುವ ಎಲೆಕ್ಟ್ರಿಕ್ ಗಿಟಾರು ಗಟ್ಟಿ ಹಲಗೆ. ಕೈತಪ್ಪಿ ಕಾಲ ಮೇಲೆ ಬಿದ್ದರೆ ಬೆರಳು ಹೋದಂತೆಯೇ. ಟೊಳ್ಳು ಮೈಯದ್ದು ಹಾಗಲ್ಲ. ಒಳಗೆ ಬರೇ ಗಾಳಿ. ನಮ್ಮಲ್ಲಿ ಟೊಳ್ಳು, ಪೊಳ್ಳು, ಬುರುಡೆ ಎಂಬ ಮಾತುಗಳಿಗೆ ಮರ್ಯಾದೆಯೇ ಇಲ್ಲ ನೋಡಿ. ಬುರುಡೆ ಬಿಡುವುದು ಎಂದರೆ ಸುಳ್ಳು ಹೇಳುವುದು. ತುಂಬಿದ ಕೊಡ ತುಳುಕುವುದಿಲ್ಲವೆಂದು ಮೇಷ್ಟ್ರು ನನಗೆ ಮೂರನೇ ಕ್ಲಾಸಿನಲ್ಲೇ, ನನ್ನನ್ನೇ ನೋಡಿಕೊಂಡು, ಪಾಠ ಮಾಡಿದ್ದರು. ಆದರೆ ಸಂಗೀತದ ಮನೆಗೆ ಹೋದರೆ ನ್ಯಾಯ ತಿರುಗಾಮುರುಗ. ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ಕೊರೆದು ಕೊರೆದು ಬರಿದು ಮಾಡಿದರೇ ನಾದ. ಯಕ್ಷಗಾನದ ಚೆಂಡೆ, ಮದ್ದಳೆಗಳ ಒಳಗೂ ಗಾಳಿಯೇ. ತಂಬೂರಕ್ಕಂತೂ ನಿಜವಾದ ಸೋರೆಬುರುಡೆ. ಹೋಳಿ ಹಬ್ಬಕ್ಕೆ ಕುಡುಬಿ ಸಮುದಾಯದವರು ಮನೆಮನೆಯೆದುರು ಬಾರಿಸುವ ಗುಮಟೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ಒಂದು ಬಾಯಿಗೆ ಹಿಂದೆಲ್ಲ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾಯಿದೆ ಬಂದ ಮೇಲೆ ಆಡಿನ ಚರ್ಮ. ಉಡದ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಅದರ ಸಣ್ಣ ನೆಂಟನೊಬ್ಬ ಮುಂದೆ ಬರಲಿಕ್ಕಿದ್ದಾನೆ.

ಟೊಳ್ಳು ಗಿಟಾರಿಗೆ ಕರೆಂಟು ಕೊಡಬೇಕೆಂದು ಅಮೆರಿಕದವರಿಗೆ ತೋರಿದ್ದು ಪಾಪ, ಅದರ ದನಿ ಕೇಳಿಸುತ್ತಿರಲಿಲ್ಲವೆಂಬ ಕಾರಣಕ್ಕೆ. ಜಾಸ್ ತಂಡದಲ್ಲಿ ಹತ್ತು ಮಂದಿ ತುತ್ತೂರಿಯವರು ಕೆನ್ನೆಯುಬ್ಬಿಸಿ ಊದುವಾಗ ಮೂಲೆಯಲ್ಲಿ ಗಿಟಾರಿನವ ಸೊಸೆಯಂತೆ ಕೂತಿರುತ್ತಿದ್ದ: ಕೆಲಸವೆಲ್ಲ ಅವನದೇ, ಮಾತು ಮಾತ್ರ ಯಾರಿಗೂ ಕೇಳಿಸದು. 1936ರಲ್ಲಿ ಗಿಬ್ಸನ್ ಕಂಪೆನಿ ಇಎಸ್-150 ಎಂಬ ಗಿಟಾರು ತಂದಿತು. ಇಎಸ್ ಎಂದರೆ ಎಲೆಕ್ಟ್ರಿಕ್ ಸ್ಪ್ಯಾನಿಷ್. ತಂತಿಯ ಕೆಳಗೊಂದು ಅಯಸ್ಕಾಂತ, ಅದರ ಜೊತೆ ಸಾವಿರಾರು ಸುತ್ತಿನ ತಾಮ್ರದ ನೂಲು. ಉಕ್ಕಿನ ತಂತಿ ನಡುಗಿದರೆ ನೂಲಿನಲ್ಲಿ ಕರೆಂಟು ನಡುಗುತ್ತದೆ, ಸ್ಪೀಕರು ಮಾತಾಡುತ್ತದೆ. ಚಾರ್ಲಿ ಕ್ರಿಶ್ಚಿಯನ್ ಎಂಬ ಹುಡುಗ ಅದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ನನ ತಂಡ ಸೇರಿದ. ಸೊಸೆ ಜಗಲಿಗೆ ಬಂದು ಮಾತಾಡತೊಡಗಿದಳು. ಕ್ರಿಶ್ಚಿಯನ್ 1942ರಲ್ಲಿ, 25ನೇ ವಯಸ್ಸಿಗೇ, ಕ್ಷಯದಿಂದ ತೀರಿಹೋದ. ಆ ವಯಸ್ಸಿನಲ್ಲಿ ನಾನು ಬ್ಯಾಂಕಿನ ಪ್ರೊಬೇಷನ್ ಮುಗಿಯಲು ಕಾಯುತ್ತಿದ್ದೆ.

ನನ್ನ ಗಿಟಾರಿನ ಆರೈಕೆಯ ಕಥೆ ಬೇರೆ. ಮಂಗಳೂರಿನ ಮಳೆಗಾಲವೆಂದರೆ ಚಪ್ಪಲಿಗೆ ಬೂಸ್ಟು, ಬೆಂಕಿಪೆಟ್ಟಿಗೆಗೆ ಶೀತ, ಉಪ್ಪಿನ ಭರಣಿಯಲ್ಲಿ ನೀರು. ಜೂನ್ ಹತ್ತಕ್ಕೆ ಹಾಕಿದ ಹೊಸ ತಂತಿ ಜುಲೈ ಹತ್ತಕ್ಕೆ ಮುಳ್ಳುತಂತಿ. ಹಾಗಾಗಿ ಕಪಾಟಿನೊಳಗೆ 40 ವಾಟಿನ ಬಲ್ಬು ಉರಿಸಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ ಗಿಟಾರನ್ನು ಮಲಗಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಅದರ ಮೇಲೆ ಹಲಸಿನ ಹಪ್ಪಳದ ಕಟ್ಟು. "ಹೇಗೂ ಬಿಸಿ ಉಂಟಲ್ಲ," ಎಂದಳು ಮನೆಯವಳು. ಹಲಸಿನ ಮರಕ್ಕೂ ಸಂಗೀತಕ್ಕೂ ಇರುವ ನಂಟನ್ನು ಆಗಷ್ಟೇ ಓದಿಕೊಂಡಿದ್ದರಿಂದ ಸುಮ್ಮನಾದೆ.

ಈಗ ಬೈರಾಸಿಗೆ ಬರೋಣ. ನವೆಂಬರಿನಲ್ಲಿ ಬಾಯಮ್ಮನ ಮಗಳ ಮದುವೆ. ಹಿಂದಿನ ಸಂಜೆ ಅಂಗಳದಲ್ಲಿ ರೋಸ್. ಮದುಮಗಳಿಗೆ ತೆಂಗಿನ ಹಾಲು ಪೂಸಿ ಕೊಂಕಣಿಯಲ್ಲಿ ವೊವಿಯೊ ಹಾಡುವ ಆ ಶಾಸ್ತ್ರಕ್ಕೆ ನಾನು ಪ್ರತಿ ಸಲವೂ ಹಾಜರು. ಸಸ್ಯಾಹಾರಿಯಾದ ನನಗೆ ಇಡ್ಲಿಯಂಥ ಸಾನ್ನಾಂ ಮಾತ್ರ, ಅದೂ ಆರೇಳು. ಅಂದು ವಾದ್ಯದವರೆಲ್ಲ ಬಂದರು, ಗಿಟಾರಿನವ ಮಾತ್ರ ನಂತೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ. ಬಾಯಮ್ಮ ಬೇಲಿಯ ಬಳಿ ನಿಂತು ಕರೆದರು: "ಮೇನೇಜರ್ರೇ, ನಮ್ಮ ಅಣ್ಣನ ಗಿಟಾರ್ ತಕ್ಕೊಂಡು ಬನ್ನಿ!"

ಹೋದೆ. ಹೊಸ ಅಂಗಿ ಹಾಕಿಕೊಂಡೇ ಹೋದೆ. ಸೌಂಡಿನ ಹುಡುಗ ನನ್ನ ಬೆನ್ನ ಹಿಂದೆಯೇ ನನ್ನಷ್ಟೆತ್ತರದ ಸ್ಪೀಕರು ಇಟ್ಟಿದ್ದ. ವಯರು ಚುಚ್ಚಿ, ವಾಲ್ಯೂಮ್ ತಿರುಗಿಸಿ, ಮೊದಲ ತಂತಿ ಮೀಟಬೇಕು ಎನ್ನುವಷ್ಟರಲ್ಲಿ ಗಿಟಾರು ತಾನಾಗಿ "ಊಂ..." ಎಂದು ರಾಗ ತೆಗೆಯಿತು. ನಾನು ಕೈ ಇಟ್ಟಿರಲೇ ಇಲ್ಲ, ದೇವರಾಣೆ! ಊಂಕಾರ ಊಳಾಯಿತು, ಊಳು ಹಡಗಿನ ಸೈರನ್ ಆಯಿತು. ತೆಂಗಿನ ಹಾಲಿನ ಬಟ್ಟಲು ಹಿಡಿದವರ ಕೈ ಅಲ್ಲೇ ನಿಂತಿತು. ಅಜ್ಜಿಯೊಬ್ಬರು ಶಿಲುಬೆಯ ಗುರುತು ಹಾಕಿಕೊಂಡರು. ನಾಯಿ ಓಡಿತು. ಸೌಂಡಿನ ಹುಡುಗ ಕಿವಿ ಮುಚ್ಚಿಕೊಂಡು ಕೂಗಿದ: "ಅಂಕಲ್, ನಿಮ್ಮ ಗಿಟಾರ್ ಬೊಬ್ಬೆ ಹಾಕ್ತಾ ಉಂಟು!"

ಈ ಬೊಬ್ಬೆಗೆ ಫೀಡ್‌ಬ್ಯಾಕ್ ಎಂದು ಹೆಸರು. ಮಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಬಿಜೈಯಲ್ಲಿ ನಾನೊಮ್ಮೆ ಕೆಮ್ಮಿದರೆ ಕದ್ರಿಯಲ್ಲಿ ಅದು ಜ್ವರ, ಕಂಕನಾಡಿ ಮಾರ್ಕೆಟಿಗೆ ಮುಟ್ಟುವಾಗ ನ್ಯುಮೋನಿಯ, ಸಂಜೆಗೆ ಆ ಸುದ್ದಿ ನನ್ನ ಬಾಗಿಲಿಗೇ ಬಂದು "ಹೇಗಿದ್ದೀರಿ?" ಎಂದು ಕೇಳುವಾಗ ನನಗೇ ಗಾಬರಿಯಾಗಿ ಮತ್ತೆರಡು ಸಲ ಕೆಮ್ಮುತ್ತೇನೆ. ಗಿಟಾರಿನದ್ದೂ ಅದೇ ಕಥೆ. ಸ್ಪೀಕರಿನ ಸದ್ದು ಟೊಳ್ಳು ಮೈಯನ್ನು ನಡುಗಿಸುತ್ತದೆ, ಮೈ ತಂತಿಯನ್ನು ನಡುಗಿಸುತ್ತದೆ, ತಂತಿಯ ನಡುಕ ಮತ್ತೆ ಸ್ಪೀಕರಿಗೆ. ಸುತ್ತು ಸುತ್ತಿಗೂ ಸುದ್ದಿ ದೊಡ್ಡದಾಗುತ್ತ ಹೋಗುತ್ತದೆ. ಗಟ್ಟಿ ಹಲಗೆಯ ಗಿಟಾರು ಇಂಥ ಮಾತಿಗೆಲ್ಲ ಸುಲಭಕ್ಕೆ ಅಲುಗದು.

ಬಾಯಮ್ಮನಿಗೆ ಈ ಶಾಸ್ತ್ರವೆಲ್ಲ ಬೇಕಿರಲಿಲ್ಲ. ಅಳುವ ಮಗುವನ್ನು ಹೇಗೆ ಸುಮ್ಮನಾಗಿಸಬೇಕೆಂದು ಅವರಿಗೆ ಗೊತ್ತು. ಅಡುಗೆಯವನ ಹೆಗಲಿನಿಂದ ಬೈರಾಸು ಎಳೆದರು, ನನ್ನ ಕೈಗೆ ಕೊಟ್ಟರು, "ಬಾಯಿಗೆ ತುರುಕಿ" ಎಂದರು. ಡೊಂಕು ರಂಧ್ರದೊಳಗೆ ಅದನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ಮಸಾಲೆಯ ಪರಿಮಳದೊಂದಿಗೆ ಮೌನ ಆವರಿಸಿತು. ನಂತರ ಮೀಟಿದರೆ, ಆಹಾ, ಗುಂಡಗೆ, ಬೆಣ್ಣೆಯಂಥ ಸ್ವರ.

ಸಮಾಧಾನ ಸಿಕ್ಕಿದ್ದು ಆಮೇಲೆ ಓದಿದಾಗ. ಬ್ಲೂಸ್ ಸಂಗೀತದ ಮಹಾರಾಜ ಬಿ.ಬಿ. ಕಿಂಗ್ ಕೂಡ ಇದೇ ಬೊಬ್ಬೆಗೆ ಹೆದರಿ ತನ್ನ ಗಿಟಾರಿನ ರಂಧ್ರಗಳಿಗೆ ಬಟ್ಟೆ ತುರುಕುತ್ತಿದ್ದನಂತೆ! ಅವನ ಎಲ್ಲ ಗಿಟಾರುಗಳಿಗೂ ಲೂಸಿಲ್ ಎಂದು ಒಂದೇ ಹೆಸರು. 1949ರ ಚಳಿಗಾಲದಲ್ಲಿ ಅರ್ಕಾನ್ಸಾಸಿನ ಟ್ವಿಸ್ಟ್ ಎಂಬ ಊರಿನ ಕುಣಿತದ ಹಾಲಿನಲ್ಲಿ ಇಬ್ಬರು ಹೊಡೆದಾಡಿ, ಚಳಿ ಕಾಯಿಸಲು ಇಟ್ಟಿದ್ದ ಸೀಮೆಎಣ್ಣೆಯ ಡಬ್ಬ ಉರುಳಿ ಬೆಂಕಿ ಹೊತ್ತಿತು. ಹೊರಗೆ ಓಡಿದ ಕಿಂಗ್, ಗಿಟಾರು ಒಳಗಿದೆಯೆಂದು ನೆನಪಾಗಿ ಮತ್ತೆ ಉರಿಯೊಳಗೆ ನುಗ್ಗಿದ. ಜಗಳ ಲೂಸಿಲ್ ಎಂಬ ಹೆಂಗಸಿನ ವಿಷಯಕ್ಕೆ ಎಂದು ಮರುದಿನ ತಿಳಿಯಿತು. ಇಂಥ ಮೂರ್ಖತನ ಇನ್ನೊಮ್ಮೆ ಮಾಡಬಾರದೆಂದು ನೆನಪಿಗೆ ಗಿಟಾರಿಗೆ ಅದೇ ಹೆಸರಿಟ್ಟ. 1980ರಲ್ಲಿ ಗಿಬ್ಸನ್‌ನವರು ಅವನಿಗಾಗಿ ರಂಧ್ರವೇ ಇಲ್ಲದ ಲೂಸಿಲ್ ಮಾಡಿದರು. ಬಟ್ಟೆಯ ಖರ್ಚು ಉಳಿಯಿತು.

ರೋಸಿನ ಸಂಜೆ ನಾನು ಕಂಡ ಆಶ್ಚರ್ಯ ಬೇರೆಯೇ. ವೊವಿಯೊಗೆ ಶ್ರುತಿಯಂತೆ ಮೆಲ್ಲಗೆ ಎರಡು ತಂತಿ ಮೀಟಿದೆ, ಹೊಂದಿತು. ಮುದುಕರೊಬ್ಬರು ಕೊಂಕಣ್ ಕೋಗುಳ್ ವಿಲ್ಫಿ ರೆಬಿಂಬಸರ ಹಾಡು ಬೇಕೆಂದರು. ಅವರ ಹಾಡಿಲ್ಲದ ರೋಸ್ ಉಂಟೇ? ಅದೂ ಹೊಂದಿತು. ಬಾಯ್ಲಾ ಬಂತು, ಸೊಂಟಗಳು ತಿರುಗಿದವು. ಹುಡುಗರು ರಾಕ್ ಎಂದು ಕೂಗಿದರು. ಒಂದು ಗುಂಡಿ ತಿರುಗಿಸಿದೆ, ಗಿಟಾರು ಗೊರಗೊರ ಎಂದಿತು. ಕೊನೆಗೆ ದುಬೈಯಿಂದ ಬಂದ ಮಾವನಿಗೆ ರಾಜನ್-ನಾಗೇಂದ್ರರ ಹಳೆಯ ಚಿತ್ರಗೀತೆ. ನನ್ನ ಬೆರಳಿಗೆ ಗೊತ್ತಿದ್ದದ್ದು ಕಾಲೇಜಿನ ಐದಾರು ಕಾರ್ಡು ಮಾತ್ರ. ಉಳಿದ ಜಾಣತನವೆಲ್ಲ ಗಿಟಾರಿನದ್ದೇ.

ಗುಟ್ಟು ಇಷ್ಟೇ. ಕತ್ತಿನ ಕಡೆಯ ಪಿಕಪ್ಪು ಹಾಕಿ ಟೋನಿನ ಗುಂಡಿ ಇಳಿಸಿದರೆ ಜಾಸಿನ ಮಂದ ದನಿ. ಬ್ರಿಜ್ಜಿನ ಕಡೆಯದ್ದು ಹಾಕಿದರೆ ಚುರುಕು, ಹಳ್ಳಿಹಾಡಿಗೂ ರಾಕ್ ಅಂಡ್ ರೋಲಿಗೂ ಅದೇ. ಸ್ವಲ್ಪ ಜೋರು ಮಾಡಿದರೆ ಬ್ಲೂಸಿನ ಗಂಟಲು ಕಟ್ಟಿದ ಅಳು. ವಯರು ಕಿತ್ತುಹಾಕಿದರೂ ಕೋಣೆಗೆ ಸಾಕಾಗುವಷ್ಟು ಸ್ವಂತ ದನಿ. ನಮ್ಮ ತೆಂಗಿನಕಾಯಿ ನೆನಪಾಗುತ್ತದೆ: ರೋಸಿಗೆ ಹಾಲು, ಚಟ್ನಿಗೆ ತುರಿ, ತಲೆಗೆ ಎಣ್ಣೆ, ದೇವರಿಗೆ ಹೋಳು. ಅದೂ ಒಳಗೆ ಟೊಳ್ಳೇ. 1954ರಲ್ಲಿ ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡಿಗೆ ಸ್ಕಾಟಿ ಮೂರ್ ಹಿಡಿದದ್ದು ಇಂಥ ಗಿಟಾರು. ಅದೇ ಕಾಲಕ್ಕೆ ಚೆಟ್ ಅಟ್ಕಿನ್ಸ್ ತನ್ನ ಹೆಸರಿನ ಕಿತ್ತಳೆ ಬಣ್ಣದ ಗ್ರೆಚ್ ಹಿಡಿದು ಕಂಟ್ರಿ ನುಡಿಸಿದ. 1969ರ ಜನವರಿ 30ರಂದು ಲಂಡನ್ನಿನ ಮಾಳಿಗೆಯ ಮೇಲೆ ಬೀಟಲ್ಸ್ ಕೊನೆಯ ಸಲ ಜನರಿಗೆ ಕೇಳುವಂತೆ ನುಡಿಸಿದಾಗ ಜಾನ್ ಲೆನನ್ನನ ಕೈಯಲ್ಲಿದ್ದದ್ದು ಬಣ್ಣ ಕೆರೆದು ತೆಗೆದ ಎಪಿಫೋನ್ ಕಸೀನೊ, ಪೂರಾ ಟೊಳ್ಳು.

ಜಾಸಿನ ವೆಸ್ ಮಾಂಟ್ಗೊಮರಿಯ ಕಥೆ ನನಗೆ ಹೆಚ್ಚು ಆಪ್ತ. ಹಗಲು ದುಡಿದು ಬಂದು ರಾತ್ರಿ ಅಭ್ಯಾಸಕ್ಕೆ ಕೂತರೆ ನೆರೆಯವರ ದೂರು. ಅದಕ್ಕೇ ಮೀಟುವ ಕಡ್ಡಿ ಬಿಟ್ಟು ಹೆಬ್ಬೆರಳ ಮೆತ್ತನೆ ಭಾಗದಿಂದ ಮೀಟತೊಡಗಿದನಂತೆ. ಆ ಹೆಬ್ಬೆರಳ ದನಿಯೇ ಅವನ ಹೆಸರಾಯಿತು. ನಾನೂ ರಾತ್ರಿ ಹೆಬ್ಬೆರಳಿನಲ್ಲೇ ನುಡಿಸಿ ನೋಡಿದೆ. ಕಡ್ಡಿಯೇ ವಾಸಿಯಿತ್ತು ಎಂದಳು ಮನೆಯವಳು, ಬೇಗ ಮುಗಿಯುತ್ತಿತ್ತಂತೆ.

ರೋಸಿನ ಸುದ್ದಿ ಹಬ್ಬಿ ಮರುವಾರ ಭಜನಾ ಮಂದಿರದವರು ಕರೆದರು. ಎಲೆಕ್ಟ್ರಿಕ್ ಗಿಟಾರು ಹಿಡಿದು ಭಜನೆಗೆ ಕೂರುವುದು ಹೇಗೆಂದು ನನಗೆ ಅಳುಕು. ಅಧ್ಯಕ್ಷರು, "ಎಂತ ಮಾರಾಯ್ರೆ, ಸ್ಯಾಕ್ಸೊಫೋನಿನಲ್ಲಿ ತ್ಯಾಗರಾಜರನ್ನು ಕೇಳಿದ ಊರು ಇದು!" ಎಂದರು. ಮಾತು ಹೌದಲ್ಲ. ಬಂಟ್ವಾಳದ ಸಜಿಪದಲ್ಲಿ ನಾಗಸ್ವರದವರ ಮನೆಯಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದವರು. ವರ್ಷಗಟ್ಟಲೆ ಹಟ ಹಿಡಿದು ಅದಕ್ಕೆ ಗಮಕ ಕಲಿಸಿದರು; 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಉತ್ಸವಕ್ಕೆ ಅದನ್ನೇ ಕೊಂಡುಹೋದರು. ಅದೂ ಒಳಗೆ ಬರಿದಾದ ಹಿತ್ತಾಳೆಯ ಕೊಳವೆಯೇ ತಾನೆ? ಶಕ್ತಿನಗರದ ಮಾಂಡ್ ಸೊಭಾಣ್ ಸಂಸ್ಥೆಯವರು 2008ರಲ್ಲಿ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ ಊರಿದು. ಇಲ್ಲಿ ನಾನು ಅರ್ಧ ಗಂಟೆ ಭಜನೆಗೆ ಕೂತರೆ ಆಕಾಶವೇನೂ ಬೀಳುವುದಿಲ್ಲ. ಕೂತೆ. ಬಿದ್ದದ್ದು ಮೀಟುವ ಕಡ್ಡಿ ಮಾತ್ರ, ನೇರ ರಂಧ್ರದೊಳಕ್ಕೆ. ಮಂಗಳಾರತಿಯ ಹೊತ್ತಿಗೆ ನಾನು ಗಿಟಾರನ್ನು ತಲೆಕೆಳಗು ಹಿಡಿದು ಹುಣಸೆ ಮರದಂತೆ ಅಲ್ಲಾಡಿಸುತ್ತಿದ್ದೆ.

ಅಲ್ಲಾಡಿಸಿದಾಗ ಒಳಗೆ ಕಟಕಟ ಎಂದಿತು. ಕಡ್ಡಿ ಹೊರಗೆ ಬಂದ ಮೇಲೂ ಕಟಕಟ ನಿಲ್ಲಲಿಲ್ಲ. ಮನೆಗೆ ಬಂದು ಟಾರ್ಚು ಬಿಟ್ಟು ನೋಡಿದೆ. ರೋಸಿನಿಂದ ಒಳಗೇ ಉಳಿದಿದ್ದ ಬೈರಾಸನ್ನು ಚಿಮುಟದಿಂದ ಹಿಡಿದು ಮೆಲ್ಲಗೆ ಎಳೆದೆ. ಅರ್ಧ ಮೊಳ ಬಂತು, ಒಂದು ಮೊಳ ಬಂತು, ಅದರ ತುದಿಯಲ್ಲಿ ಇನ್ನೂ ಮಿಡಿಯುತ್ತಿದ್ದ ಒಂದು ಬಾಲವೂ ಬಂತು. ಬಾಲದ ಒಡತಿ ಇನ್ನೊಂದು ರಂಧ್ರದಿಂದ ಇಣುಕಿ ನನ್ನನ್ನೇ ನೋಡಿದಳು. ಹಲ್ಲಿ! ಒಳಗೆ ಬಟಾಣಿಯಷ್ಟು ದೊಡ್ಡ ಎರಡು ಬಿಳಿ ಮೊಟ್ಟೆ, ಒಂದು ಅಂಟಿಕೊಂಡದ್ದು, ಒಂದು ಉರುಳುವುದು. ಗುಮಟೆಗೆ ಹೊರಗೆ ಉಡ, ನನ್ನ ಗಿಟಾರಿಗೆ ಒಳಗೆ ಹಲ್ಲಿ. ಓಡಿಸಲು ಕೈ ಎತ್ತಿದರೆ ಮನೆಯವಳು ತಡೆದಳು. "ಬಾಣಂತಿ ಇವರೇ, ಮಕ್ಕಳಾಗಿ ಹೋಗಲಿ." ಒಂದು ತಿಂಗಳ ಮೇಲಾಯಿತು, ಗಿಟಾರು ಮುಟ್ಟಲಿಲ್ಲ. ಓಣಿಯವರು ಆ ದಿನಗಳನ್ನು ಈಗಲೂ ನೆನೆಯುತ್ತಾರೆ.

ಬಿಡುವಿನಲ್ಲಿ ಲೆಸ್ ಪಾಲ್ ಎಂಬವನ ಬಗ್ಗೆ ಓದಿದೆ. 1940ರ ಸುಮಾರಿಗೆ ಬೊಬ್ಬೆಯ ಕಾಟ ತಪ್ಪಿಸಲು ನಾಲ್ಕಿಂಚು ದಪ್ಪದ ಮರದ ತೊಲೆಗೇ ತಂತಿ ಕಟ್ಟಿ ನುಡಿಸಿದನಂತೆ. ಸ್ವರ ಚೆನ್ನಾಗಿತ್ತು, ಜನ ಮಾತ್ರ ಕಣ್ಣೆತ್ತಿ ನೋಡಲಿಲ್ಲ. ಆಗ ಒಂದು ಟೊಳ್ಳು ಗಿಟಾರನ್ನು ಗರಗಸದಿಂದ ಸೀಳಿ, ಎರಡು ಹೋಳನ್ನು ತೊಲೆಯ ಎರಡು ಬದಿಗೆ ಅಂಟಿಸಿದ. ಅದೇ ಸ್ವರಕ್ಕೆ ಚಪ್ಪಾಳೆ ಬಿತ್ತು. ಜನ ಕಿವಿಯಿಂದ ಕೇಳುವುದಕ್ಕಿಂತ ಕಣ್ಣಿನಿಂದ ಕೇಳುವುದೇ ಹೆಚ್ಚು ಎನ್ನುವುದು ಕ್ಯಾಶಿನಲ್ಲಿ ಕೂತವನಿಗೂ ಗೊತ್ತು. ಟೈ ಕಟ್ಟಿದ ದಿನ ಯಾರೂ ಚಿಲ್ಲರೆ ಎಣಿಸಿ ನೋಡುತ್ತಿರಲಿಲ್ಲ. ಕೊನೆಗೆ 1958ರಲ್ಲಿ ಗಿಬ್ಸನ್‌ನವರು ಟೊಳ್ಳು ಹೊಟ್ಟೆಯ ನಡುವೆ ಉದ್ದಕ್ಕೂ ಮರದ ತುಂಡು ಕೂರಿಸಿ ಇಎಸ್-335 ಮಾಡಿದರು. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಕಟ್ಟಿಕೊಂಡ ಹಾಗೆ: ಮನೆಯೂ ಉಳಿಯಿತು, ಬೊಬ್ಬೆಯೂ ತಗ್ಗಿತು.

ಇದನ್ನೆಲ್ಲ ಒಂದು ರಾತ್ರಿ ಊಟದ ಹೊತ್ತಿಗೆ ವಿವರಿಸಿ, "ಒಳಗೆ ಜಾಗ ಇಟ್ಟುಕೊಂಡದ್ದಕ್ಕೇ ಎಲ್ಲರ ಹಾಡೂ ಹಿಡಿಸುವುದು, ನೋಡು," ಎಂದು ತತ್ತ್ವ ಹೇಳಿದೆ. ಮನೆಯವಳು ಸಾರು ಬಡಿಸುತ್ತ, "ಬರೇ ಖಾಲಿ ಇದ್ದರೆ ಆಗ್ಲಿಕ್ಕಿಲ್ಲ ಇವರೇ, ಸಮಯಕ್ಕೆ ಬಾಯಿಗೆ ಬಟ್ಟೆ ತುರುಕುವವರೂ ಬೇಕು. ನಾನು 35 ವರ್ಷದಿಂದ ಅದೇ ಕೆಲಸ ಮಾಡ್ತಾ ಇದ್ದೇನೆ," ಎಂದಳು. ಉತ್ತರ ತೋಚದೆ ಮಜ್ಜಿಗೆ ಹಾಕಿಸಿಕೊಂಡೆ.

ಬುರುಡೆಯ ಮಾತು ಬಂತು, ಕೊನೆಗೊಂದು ಬುರುಡೆಯಲ್ಲದ ಮಾತು ಹೇಳುತ್ತೇನೆ. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಭೂಮಿಯ ಸದ್ದುಗಳ ಚಿನ್ನದ ತಟ್ಟೆ ಇಟ್ಟು ಕಳಿಸಿದರಲ್ಲ, ಅದರಲ್ಲಿ 1958ರಲ್ಲಿ ಬಂದ ಚಕ್ ಬೆರಿಯ 'ಜಾನಿ ಬಿ. ಗುಡ್' ಇದೆ. ಆ ಕಾಲದಲ್ಲಿ ಅವನು ನುಡಿಸುತ್ತಿದ್ದದ್ದು ಗಿಬ್ಸನ್ ಇಎಸ್-350, ನಮ್ಮ ಟೊಳ್ಳು ಬಳಗದ್ದೇ. ಅದೇ ತಟ್ಟೆಯಲ್ಲಿ ನಮ್ಮ ಕರಾವಳಿಯ ಮೇಲ್ಬದಿಯ ಗೋವೆಯಲ್ಲಿ ಹುಟ್ಟಿದ ಗಾಯಕಿ ಕೇಸರ್‌ಬಾಯಿ ಕೇರ್ಕರರ ಭೈರವಿಯೂ ಇದೆ. ಇಬ್ಬರೂ ಈಗ ಗ್ರಹಗಳೆಲ್ಲದರ ಆಚೆ, ಒಂದೇ ತಟ್ಟೆಯಲ್ಲಿ, ಜಗಳವಿಲ್ಲದೆ ಹೋಗುತ್ತಿದ್ದಾರೆ.

ನನ್ನದು ಅಷ್ಟು ದೂರ ಹೋಗುವ ಸವಾರಿಯಲ್ಲ. ನಿಮ್ಮ ಮನೆಯಲ್ಲಿ ರೋಸೋ ಭಜನೆಯೋ ಮಗುವಿನ ನಾಮಕರಣವೋ ಇದ್ದರೆ ಒಂದು ಮಾತು ಹೇಳಿ ಕಳಿಸಿ, ಮಳೆಗಾಲವೊಂದನ್ನು ಬಿಟ್ಟು ಯಾವಾಗಲೂ ಬಂದೇನು. ಸ್ಪೀಕರಿನಿಂದ ನಾಲ್ಕು ಮಾರು ದೂರ ಕೂರಿಸಿದರೆ ಸಾಕು. ಬೈರಾಸು ನಾನೇ ತರುತ್ತೇನೆ.